ನೂರರಲ್ಲಿ ಎಂಟು ಕೋಶ

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಇಷ್ಟು ವರ್ಷಗಳಲ್ಲಿ ತಪ್ಪು ಲೆಕ್ಕಗಳ ಮೇಲೆ ಎಷ್ಟು ಕೆಂಪು ಗೆರೆ ಎಳೆದಿದ್ದೇನೋ ನನಗೇ ಗೊತ್ತಿಲ್ಲ. ಆದರೆ ಸರಿಯಾದ ಲೆಕ್ಕವೊಂದು ಒಂದು ಮಗುವಿನ ಜೀವಕ್ಕೇ ಮುಳುವಾಗಬಹುದು ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಲೆಕ್ಕವೇನು ದೊಡ್ಡದಲ್ಲ. ನೂರರಲ್ಲಿ ಎಂಟು ಕಳೆದರೆ ಎಷ್ಟು? ತೊಂಬತ್ತೆರಡು. ಸರಿ ತಾನೆ? ಸರಿ. ಹಾಗಾದರೆ ತಪ್ಪಿದ್ದೆಲ್ಲಿ? ಅದನ್ನು ಹೇಳಲಿಕ್ಕೇ ಈ ವಾರ ಕೂತಿದ್ದೇನೆ. (ಬರೆದು ಮುಗಿಸುವಷ್ಟರಲ್ಲಿ ನನಗೂ ತಿಳಿದೀತು ಎಂಬ ಆಸೆ. ಖಾತ್ರಿ ಇಲ್ಲ.)

ನನ್ನ ತಮ್ಮ ಸಿದ್ರಾಮ ಕಮಲಾಪುರದಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. ಬಹುಪಾಲು ತೊಗರಿ, ಬಾವಿಯ ಪಕ್ಕದ ಒಂದು ತುಂಡು ನೆಲದಲ್ಲಿ ಕೆಂಪು ಬಾಳೆ. ಹೆಂಡತಿ ಸುವರ್ಣಾ. ಮಾತು ಕಡಿಮೆ. ನನ್ನೆದುರಿಗಂತೂ ಇನ್ನೂ ಕಡಿಮೆ. ಅವರಿಗೆ ಒಬ್ಬಳೇ ಮಗಳು, ಪಾರ್ವತಿ. ಮನೆಯವರಿಗೆಲ್ಲ ಪಾರೂ.

ಪಾರೂ ಎಲ್ಲವನ್ನೂ ತಡವಾಗಿ ಮಾಡಿದಳು. ಕೂತದ್ದು ತಡ. ನಡೆದದ್ದು ಎರಡು ವರ್ಷ ದಾಟಿದ ಮೇಲೆ. ನಾಲ್ಕು ತುಂಬಿದಾಗಲೂ ಮಾತು ಬೆರಳಲ್ಲಿ ಎಣಿಸುವಷ್ಟೇ. ನನಗೆ ‘ದೊಡ್ಡಪ್ಪ’ ಎನ್ನಲು ಬಾರದೆ ‘ದೊಪ್ಪ’ ಎನ್ನುತ್ತಿದ್ದಳು. ಕೆಮ್ಮು ಮಾತ್ರ ತಡ ಮಾಡದೆ ತಿಂಗಳಿಗೊಮ್ಮೆ ಬರುತ್ತಿತ್ತು. ಕಣ್ಣು ತುಸು ಮೇಲಕ್ಕೆ ಎಳೆದಂತೆ. ತೀರ ಗಮನಿಸಿ ನೋಡಿದರೆ ಮಾತ್ರ ಹಾಗನಿಸುತ್ತಿತ್ತು. ನಮ್ಮ ಅವ್ವ, “ನಮ್ಮತ್ತಿ ಕಣ್ಣು ಹಿಂಗೇ ಇದ್ದು, ಅಕಿದೇ ಬಂದಾವ” ಎಂದು ಅದಕ್ಕೂ ಒಂದು ಸಮಾಧಾನ ಹುಡುಕಿದ್ದಳು.

ಒಮ್ಮೆ ಕೆಮ್ಮು ಹದಿನೈದು ದಿನ ಬಿಡಲಿಲ್ಲ. ಸಿದ್ರಾಮ, ಸುವರ್ಣಾ ಮಗುವನ್ನು ಕರೆದುಕೊಂಡು ಕಲಬುರ್ಗಿಗೆ ಬಂದರು. ಗಾಜಿಪುರದ ನಮ್ಮ ಮನೆಯಲ್ಲಿ ಚಹಾ ಕುಡಿದು ಎಲ್ಲರೂ ಸೇಡಂ ರಸ್ತೆಯಲ್ಲಿರುವ ಮಕ್ಕಳ ಡಾಕ್ಟರರ ಬಳಿ ಹೋದೆವು. ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಅಂಗೈ ಬಿಡಿಸಿ ನೋಡಿದರು. ಕಾಲ್ಬೆರಳು ನೋಡಿದರು. ಎದೆಯ ಮೇಲಿಟ್ಟ ಸ್ಟೆತಾಸ್ಕೋಪನ್ನು ತೆಗೆಯಲೇ ಇಲ್ಲ.

ಆಮೇಲೆ ಚೀಟಿಯಲ್ಲಿ ಎರಡು ಸಾಲು ಬರೆದರು. ಒಂದು, ರಕ್ತ ಹೈದರಾಬಾದಿಗೆ ಹೋಗಬೇಕು, ಅಲ್ಲಿ ಕ್ರೋಮೋಸೋಮ್ ಎಣಿಸುತ್ತಾರೆ. ಎರಡು, ಹೃದಯದ ಎಕೋ, ಎಂದರೆ ಒಳಗಿನ ಚಿತ್ರ ತೆಗೆಯುವ ಪರೀಕ್ಷೆ. ಇಷ್ಟು ಸಣ್ಣ ಮಗುವಿನ ಎಕೋ ಕೂಡ ಹೈದರಾಬಾದಿನಲ್ಲೇ ಆದರೆ ಒಳ್ಳೆಯದು.

“ಎರಡೂ ಆಗಬೇಕ್ರಿ. ಒಂದ ಮಾಡಿ ಒಂದ ಬಿಡಬ್ಯಾಡ್ರಿ” ಎಂದು ಒತ್ತಿ ಹೇಳಿದರು.

ನಾವು ಒಂದನ್ನು ಮಾಡಿದೆವು. ಒಂದನ್ನು ಬಿಟ್ಟೆವು.

ರಕ್ತ ಹೋಯಿತು. ಮೂರು ವಾರಕ್ಕೆ ರಿಪೋರ್ಟ್ ಬಂತು. ಇಪ್ಪತ್ತು ಜೀವಕೋಶ ನೋಡಿದ್ದೇವೆ, ಇಪ್ಪತ್ತರಲ್ಲೂ ನಲವತ್ತಾರು ಕ್ರೋಮೋಸೋಮ್ ಇವೆ, ಎಲ್ಲ ನಾರ್ಮಲ್. ಸಿದ್ರಾಮ ಪೇಢೆ ತಂದು ಇಡೀ ಓಣಿಗೆ ಹಂಚಿದ.

“ಅಣ್ಣಾ, ರಕ್ತನೇ ಪೂರಾ ಛಲೋ ಅದ ಅಂದ ಮ್ಯಾಲೆ ಗುಂಡಿಗಿಗಿ ಏನಾಗಿರ್ತದ? ಎಕೋ ಗಿಕೋ ಏನೂ ಬ್ಯಾಡ” ಎಂದ.

ನನಗೂ ಹೌದೆನಿಸಿತು. ನಿಮಗೂ ಅನಿಸುತ್ತಿತ್ತು, ಅಲ್ಲವೇ?

ಡಾಕ್ಟರಮ್ಮನಿಗೆ ಮಾತ್ರ ಅನಿಸಲಿಲ್ಲ. ರಿಪೋರ್ಟನ್ನು ಹಿಂದೆ ಮುಂದೆ ತಿರುಗಿಸಿದರು. ಮಗುವಿನ ಮುಖ ನೋಡಿದರು. ಮತ್ತೆ ರಿಪೋರ್ಟ್ ನೋಡಿದರು. ನಮ್ಮೆದುರಿಗೇ ಹೈದರಾಬಾದಿಗೆ ಫೋನ್ ಮಾಡಿ, “ಇನ್ನೊಮ್ಮೆ ರಕ್ತ ಕಳಿಸ್ತೇನಿ. ಇಪ್ಪತ್ತು ಸಾಲಂಗಿಲ್ಲ, ನೂರು ಎಣಿಸ್ರಿ” ಎಂದರು. ಪಾರೂಗೆ ಮತ್ತೊಂದು ಸೂಜಿ. ಅವಳು ಅತ್ತಳು. ಸಿದ್ರಾಮ ಹೊರಗೆ ಬಂದು, “ಬಂದ ಉತ್ತರ ಪಸಂದ ಬರಲಿಲ್ಲ ಅಂತ ಮತ್ತ ಕೇಳಾಕತ್ತಾರ” ಎಂದು ಗೊಣಗಿದ.

ಎರಡನೆಯ ರಿಪೋರ್ಟ್ ನನ್ನ ವಿಳಾಸಕ್ಕೆ ಬಂತು. ಸ್ಟಾಫ್ ರೂಮಿನಲ್ಲಿ ಕೂತು ಒಡೆದೆ. ಇಂಗ್ಲಿಷಿನಲ್ಲಿ ಎರಡು ಪುಟ. ಅರ್ಥವಾದದ್ದು ಇಷ್ಟು: ನೂರು ಕೋಶ ಎಣಿಸಿದ್ದಾರೆ. ತೊಂಬತ್ತೆರಡರಲ್ಲಿ ನಲವತ್ತಾರು. ಎಂಟರಲ್ಲಿ ನಲವತ್ತೇಳು. ಆ ಎಂಟರಲ್ಲಿ ಇಪ್ಪತ್ತೊಂದನೆಯ ನಂಬರಿನ ಕ್ರೋಮೋಸೋಮ್ ಎರಡಿರಬೇಕಾದ ಕಡೆ ಮೂರಿದೆ. ಕೆಳಗೆ ‘ಮೊಸಾಯಿಕ್ ಡೌನ್ ಸಿಂಡ್ರೋಮ್’ ಎಂದು ಬರೆದಿತ್ತು.

ಹೆದರಿದೆ. ಮಗುವಿನ ಬುದ್ಧಿ, ಬೆಳವಣಿಗೆ ನಿಧಾನವಾಗುವ ಆ ಸ್ಥಿತಿಯ ಹೆಸರು ನಾನು ಕೇಳಿದ್ದೆ. ಆದರೆ ಒಂದೇ ನಿಮಿಷ. ಮರುಕ್ಷಣ ನನ್ನೊಳಗಿನ ಮಾಸ್ತರ ಎದ್ದು ಕೂತ. ನೂರಕ್ಕೆ ಎಂಟು ಮಾತ್ರ! ತೊಂಬತ್ತೆರಡು ಸರಿ ಇವೆ! ನಮ್ಮ ಶಾಲೆಯಲ್ಲಿ ತೊಂಬತ್ತೆರಡು ತೆಗೆದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತೇವೆ.

ಅವತ್ತು ಸಿದ್ರಾಮ ನೆಹರು ಗಂಜಿನ ಧಾನ್ಯದ ಪೇಟೆಗೆ ತೊಗರಿ ತಂದಿದ್ದ. ಶಾಲೆ ಬಿಟ್ಟವನೇ ಸ್ಕೂಟರ್ ತೆಗೆದುಕೊಂಡು ಹೋದೆ. ಚೀಲಗಳ ಸಾಲಿನ ನಡುವೆ ನಿಂತಿದ್ದ. ನನ್ನ ಕೈಯಲ್ಲಿ ಕಾಗದ ನೋಡಿ ಅವನ ಮುಖ ಇಳಿಯಿತು.

“ಏನಂತ ಅಣ್ಣಾ?”

“ಅಂಜಬ್ಯಾಡ. ನೂರರಾಗ ಎಂಟೇ ಕೋಶ ಫರಕ್ ಅದಾವ. ತೊಂಬತ್ತೆರಡು ಪರ್ಸೆಂಟ್ ಪಾರೂ ನಮ್ಮಂಗೇ ಇದ್ದಾಳ.”

“ಖರೇನಾ?”

“ಖರೇ. ಲೆಕ್ಕ ನೀನೇ ನೋಡು.”

ಅವನು ಕಾಗದ ನೋಡಲಿಲ್ಲ. ನನ್ನ ಮುಖ ನೋಡಿದ. ಆಮೇಲೆ ಪಕ್ಕದಲ್ಲಿದ್ದ ದಲಾಲಿ ಅಂಗಡಿಯವರಿಗೆ ಕೂಗಿ ಹೇಳಿದ: “ಸಾವ್ಕಾರ್ರೇ, ನಮ್ಮ ಹುಡುಗಿ ತೊಂಬತ್ತೆರಡರ ಮ್ಯಾಲೆ ಪಾಸ್!” ಅವರಿಗೆ ಏನರ್ಥವಾಯಿತೋ, “ಬಹುತ್ ಅಚ್ಛಾ” ಎಂದರು.

ಎರಡು ದಿನ ಬಿಟ್ಟು ನಾನೊಬ್ಬನೇ ಡಾಕ್ಟರಮ್ಮನ ಹತ್ತಿರ ಹೋದೆ. ರಿಪೋರ್ಟ್ ಇಟ್ಟು, ತೊಂಬತ್ತೆರಡರ ಮಾತನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಕನ್ನಡಕ ತೆಗೆದರು.

“ಸರ್, ಇದು ರಕ್ತದ ಲೆಕ್ಕ ಅದ. ಹುಡುಗಿದಲ್ಲ.”

“ಅಂದ್ರ?”

“ಹುಡುಗಿ ಬರೇ ರಕ್ತ ಇದ್ದಾಳೇನ್ರಿ?”

ಹಾಳೆ ತೆಗೆದು ಒಂದು ಚುಕ್ಕೆ ಹಾಕಿದರು. ಮೊದಲು ನಾವೆಲ್ಲ ಒಂದೇ ಕೋಶ. ಅದು ಎರಡಾಗುತ್ತದೆ, ನಾಲ್ಕಾಗುತ್ತದೆ, ಎಂಟಾಗುತ್ತದೆ. ಪ್ರತಿ ಸಲವೂ ಕ್ರೋಮೋಸೋಮುಗಳು ಸಮನಾಗಿ ಹಂಚಿಹೋಗಬೇಕು. ಪಾರೂ ಇನ್ನೂ ಒಂದು ಸಾಸಿವೆಯಷ್ಟೂ ಇಲ್ಲದಾಗ ಯಾವುದೋ ಒಂದು ಕೋಶದಲ್ಲಿ ಹಂಚಿಕೆ ತಪ್ಪಿದೆ. ಆ ಕೋಶದಿಂದ ಹುಟ್ಟಿದ್ದೆಲ್ಲ ಅದೇ ತಪ್ಪನ್ನು ಹೊತ್ತಿದೆ. ಉಳಿದವುಗಳಿಂದ ಹುಟ್ಟಿದ್ದು ಸರಿಯಾಗಿದೆ. ಎರಡೂ ಬಗೆಯವು ಸೇರಿಯೇ ಈ ಮಗು ಆಗಿದೆ. ಯಾವ ಬಗೆಯವು ಎಲ್ಲಿ ಹೋಗಿ ಕೂತಿವೆ? ರಕ್ತದಲ್ಲಿ ಎಂಟಿರಬಹುದು. ಚರ್ಮದಲ್ಲಿ ನಲವತ್ತಿರಬಹುದು. ಹೃದಯದಲ್ಲಿ? ಮೆದುಳಿನಲ್ಲಿ?

“ಅಲ್ಲಿ ಎಷ್ಟು ಅದಾವ್ರಿ?” ಎಂದೆ.

“ಹ್ಯಾಂಗ ಹೇಳಬೇಕ್ರಿ? ಮೆದುಳು ತೆಗೆದು ಎಣಿಸೂದು ಆಗ್ತದೇನು?”

“ಮತ್ತ ಮೊದಲಿನ ರಿಪೋರ್ಟ್ ತಪ್ಪೇನ್ರಿ?”

“ತಪ್ಪಲ್ಲ. ಅವರು ನೋಡಿದ ಇಪ್ಪತ್ತು ಖರೇನೇ ಸರಿ ಇದ್ದು. ಇನ್ನುಳಿದವು ಅವರ ಕೈಗೆ ಸಿಗಲಿಲ್ಲ, ಅಷ್ಟ.”

ಎರಡು ರಿಪೋರ್ಟ್. ಒಂದು ಇಲ್ಲ ಎನ್ನುತ್ತದೆ, ಒಂದು ಹೌದು ಎನ್ನುತ್ತದೆ. ಎರಡೂ ಸರಿ. ಇಂಥ ಉತ್ತರ ಬರೆದ ಹುಡುಗನಿಗೆ ನಾನು ಸೊನ್ನೆ ಕೊಡುತ್ತಿದ್ದೆ. ‘ಮೊಸಾಯಿಕ್’ ಎಂದರೆ ನನಗೆ ಗೊತ್ತಿದ್ದದ್ದು ನೆಲಕ್ಕೆ ಹಾಕುವ ಚುಕ್ಕೆ ಚುಕ್ಕೆಯ ಹಾಸು ಮಾತ್ರ. ಅವರ ಕ್ಲಿನಿಕ್ಕಿನ ನೆಲವೂ ಅದೇ. ತಲೆ ತಗ್ಗಿಸಿ ಅದನ್ನೇ ನೋಡುತ್ತ ಕೂತೆ. ಬಿಳಿಯದರಲ್ಲಿ ಕರಿಯದು, ಕರಿಯದರಲ್ಲಿ ಕೆಂಪು.

“ಎಕೋ ಆಯ್ತೇನ್ರಿ?” ಡಾಕ್ಟರಮ್ಮ ಕೇಳಿದರು.

“ಇಲ್ರಿ.”

“ಸರ್, ಇಂಥ ಮಕ್ಕಳಿಗೆ ಥೈರಾಯಿಡ್ ನೋಡಬೇಕು, ಕಿವಿ ನೋಡಬೇಕು. ಅವೆಲ್ಲ ನಿಧಾನಕ್ಕ ಆಗಲಿ. ಎಕೋ ನಿಧಾನ ಆಗಬಾರದು. ಅಕಿ ಎದಿಯಾಗ ನನಗ ಸಪ್ಪಳ ಕೇಳಸ್ತದ. ನಿಮ್ಮ ತಮ್ಮಗ ಖಡಕ್ಕಾಗಿ ಹೇಳ್ರಿ.”

ಹೇಳುತ್ತೇನೆ ಎಂದೆ. ಹೇಳಿದೆನೇ?

ಅವತ್ತು ಸಂಜೆ ಫೋನ್ ಮಾಡಿದೆ. ಇಲ್ಲಿ ನಾನು ನಿಮಗೆ ಸುಳ್ಳು ಹೇಳಬಾರದು. ‘ಸಿದ್ರಾಮ, ನಾನು ಹೇಳಿದ ತೊಂಬತ್ತೆರಡಕ್ಕೆ ಅರ್ಥವಿಲ್ಲ’ ಎನ್ನಬೇಕಿತ್ತು. ನಾನೆಂದದ್ದು, “ಡಾಕ್ಟರು ಎಕೋ ಒಂದು ಮಾಡ್ಸಿದ್ರ ಛಲೋ ಅಂದಾರ.”

“ತೊಂಬತ್ತೆರಡು ಇದ್ದ ಮ್ಯಾಲೆ ಮತ್ಯಾಕಣ್ಣಾ?”

“ಹೌದು... ಆದ್ರೂ...”

ಆ ‘ಆದ್ರೂ’ ಎಷ್ಟು ಬಡಕಲಾಗಿತ್ತೆಂದರೆ ಕಮಲಾಪುರದವರೆಗೆ ತಲುಪಲೇ ಇಲ್ಲ. “ತೊಗರಿ ರಾಶಿ ಮುಗೀಲಿ, ನೋಡೂನು” ಎಂದ. ನಾನು “ಆಯ್ತು” ಎಂದೆ.

ಯಾಕೆ ಹಾಗೆ ಮಾಡಿದೆ? ಬಹಳ ಸಲ ಕೇಳಿಕೊಂಡಿದ್ದೇನೆ. ನನಗೇ ಅರ್ಥವಾಗದ್ದನ್ನು ಅವನಿಗೆ ಹೇಗೆ ಹೇಳಲಿ ಎಂಬ ಗೊಂದಲ ಒಂದು. ಅದು ಅರ್ಧ ನಿಜ. ಉಳಿದರ್ಧ ಇನ್ನೂ ಕೆಟ್ಟದ್ದು. ಮನೆಯಲ್ಲಿ ಓದಿದವನು ನಾನು. ತಮ್ಮ ನನ್ನ ಮಾತನ್ನು ಗಂಜಿನಲ್ಲೆಲ್ಲ ಸಾರಿದ್ದ. ಅದನ್ನು ವಾಪಸ್ ತೆಗೆದುಕೊಳ್ಳಲು ನಾಲಿಗೆ ಏಳಲಿಲ್ಲ.

ಆಮೇಲೆ ಪರೀಕ್ಷೆಗಳು ಬಂದವು. ಪೇಪರ್ ತಿದ್ದುವುದು ಬಂತು. ರಜೆ ಬಂತು. ಮಳೆಗಾಲ ಬಂತು. ಎಂಟು ತಿಂಗಳು ಹೋದವು.

ಅಷ್ಟರಲ್ಲಿ ಕಮಲಾಪುರದ ಮನೆಯಲ್ಲಿ ಬೇರೊಂದು ಗದ್ದಲ ಎದ್ದಿತ್ತು. ಎಂಟಾದರೂ ಎಲ್ಲಿಂದ ಬಂತು ಎಂದು ಅವ್ವ ಕೇಳತೊಡಗಿದ್ದಳು. “ನಮ್ಮ ಖಾನ್ದಾನದಾಗಂತೂ ಇಲ್ಲ” ಎಂದು ಶುರುಮಾಡಿದರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಹೇಳಬೇಕೇ? ಸುವರ್ಣಾಳ ತವರಿಗೆ. ಯಾರ ಮನೆತನದಿಂದಲೂ ಬಂದದ್ದಲ್ಲ, ಹೊಟ್ಟೆಯಲ್ಲಿ ಆದ ಆಕಸ್ಮಿಕ ಎಂದು ಡಾಕ್ಟರಮ್ಮ ನನಗೆ ಹೇಳಿದ್ದರು. ನಾನು ಅದನ್ನೂ ದಾಟಿಸಿರಲಿಲ್ಲ. ಸುವರ್ಣಾ ಆ ಎಂಟು ತಿಂಗಳೂ ಅವ್ವನ ಮಾತು ಕೇಳುತ್ತ ರೊಟ್ಟಿ ಬಡಿದಿದ್ದಾಳೆ. ನನಗೆ ಇದು ತಿಳಿದದ್ದು ಬಹಳ ತಡವಾಗಿ.

ದೀಪಾವಳಿ ಕಳೆದು ಒಂದು ವಾರವಾಗಿತ್ತು. ಮನೆಯ ಫೋನ್ ಬಡಿಯಿತು. ಆ ಕಡೆ ಸುವರ್ಣಾ. ಮದುವೆಯಾಗಿ ಎಂಟು ವರ್ಷದಲ್ಲಿ ಅವಳು ನನಗೆ ಫೋನ್ ಮಾಡಿದ್ದು ಅದೇ ಮೊದಲು.

“ಭಾವಾರ, ನೀವು ಜರಾ ಬರ್ರಿ.”

“ಏನಾಯ್ತವ್ವಾ?”

“ಪಾರೂ ಹತ್ತ ಹೆಜ್ಜಿ ನಡದು ಕುಂದರ್ತಾಳ. ಉಣ್ಣಾಗ ಹಣಿ ಮ್ಯಾಲೆ ಬೆವರು ಬರ್ತದ. ಇವರು ಥಂಡಿ ಅಂತಾರ. ಬೆವರು ಬಂದ್ರ ಅದು ಥಂಡಿ ಹ್ಯಾಂಗ್ರಿ?”

ಭಾನುವಾರ ಮೊದಲ ಬಸ್ಸಿಗೆ ಹೋದೆ. ಪಾರೂ ಹೊಸ್ತಿಲ ಮೇಲೆ ಕೂತಿದ್ದಳು. “ದೊಪ್ಪ” ಎಂದಳು. ಎದ್ದು ಬರಲಿಲ್ಲ. ಮೊದಲೆಲ್ಲ ನಾನು ಓಣಿಯ ತಿರುವಿನಲ್ಲಿ ಕಂಡರೆ ಸಾಕು, ತಟ್ಟಾಡುತ್ತ ಓಡಿ ಬರುತ್ತಿದ್ದಳು. ಎತ್ತಿಕೊಂಡೆ. ಕೈಗೆ ಭಾರವೇ ಹತ್ತಲಿಲ್ಲ. ಅಂಗಿಯ ಮೇಲಿಂದಲೇ ಎದೆ ಬಡಿಯುವುದು ಗೊತ್ತಾಗುತ್ತಿತ್ತು.

ಸಿದ್ರಾಮ ತೋಟದಲ್ಲಿದ್ದ. ಮಗುವನ್ನೆತ್ತಿಕೊಂಡು ನಾನು ಮುಂದೆ, ಸುವರ್ಣಾ ಹಿಂದೆ. ನನ್ನನ್ನು ಕಂಡು ಅವನಿಗೆ ಸಂತೋಷವಾಯಿತು. ನಾನು ಯಾಕೆ ಬಂದೆ ಎಂದು ಊಹಿಸಿದನೋ ಏನೋ, ಮಾತು ಬೇರೆ ಕಡೆ ತಿರುಗಿಸಿದ. “ಬಾ ಅಣ್ಣಾ, ನಿನಗೊಂದು ಚಮತ್ಕಾರ ತೋರಸ್ತೇನಿ” ಎಂದು ಬಾಳೆಯ ಸಾಲಿನೊಳಗೆ ಕರೆದುಕೊಂಡು ಹೋದ.

ಅಲ್ಲಿ ಒಂದು ಗಿಡದಲ್ಲಿ ಗೊನೆ ಬಿಟ್ಟಿತ್ತು. ಕೆಂಪು ಬಾಳೆಯೇ. ಆದರೆ ಕೆಂಪು ಕಾಯಿಯ ಮೇಲೆ ಬಣ್ಣ ಬಳಿದಂತೆ ಉದ್ದುದ್ದ ಹಸಿರು ಪಟ್ಟಿ. ಒಂದು ಕಾಯಿ ಅರ್ಧ ಕೆಂಪು, ಅರ್ಧ ಹಸಿರು. ಅದರ ಪಕ್ಕದ್ದು ಪೂರಾ ಕೆಂಪು.

“ಇದು ಹ್ಯಾಂಗಾಯ್ತೋ?”

“ಒಮ್ಮೊಮ್ಮಿ ಹಿಂಗಾಗ್ತದ. ಗಿಡ ಒಂದೇ, ಒಳಗ ಎರಡು ಥರದ್ದು ಸೇರಿಕೊಂಡಿರ್ತದ. ಬುಡದಾಗಿನ ಮರಿ ತೆಗೆದು ಹಚ್ಚಿದ್ರ ಒಂದು ಕೆಂಪು ಬರಬಹುದು, ಒಂದು ಹಸಿರು ಬರಬಹುದು.”

“ಎಲಿ ನೋಡಿದ್ರ ಮೊದಲೇ ಗೊತ್ತಾಗಂಗಿಲ್ಲೇನು?”

ಸಿದ್ರಾಮ ನಕ್ಕ. “ಎಲಿ ನೋಡಿ ಹಣ್ಣು ಹ್ಯಾಂಗ ಹೇಳ್ತೀ ಅಣ್ಣಾ? ಎಲಿದು ಎಲಿಗಿ, ಹಣ್ಣಿಂದು ಹಣ್ಣಿಗಿ. ಗೊನಿ ಬಿಟ್ಟ ಮ್ಯಾಲೇ ನೋಡಬೇಕು.”

ಹಿಂದಿನಿಂದ ಸುವರ್ಣಾಳ ದನಿ ಬಂತು. ಮೆಲ್ಲಗೆ.

“ಹಂಗಾದ್ರ ರಕ್ತ ನೋಡಿ ಗುಂಡಿಗಿ ಹ್ಯಾಂಗ ಹೇಳಿದ್ರಿ ಇಬ್ಬರೂ?”

ಸಿದ್ರಾಮನ ಕೈ ಗೊನೆಯ ಮೇಲೆಯೇ ನಿಂತಿತು. ನಾನು ಅವಳ ಕಡೆ ತಿರುಗಲಾರದೆ ಪಾರೂನ ತಲೆಯ ಮೇಲೆ ಗಲ್ಲ ಇಟ್ಟೆ. ಎಂಟು ತಿಂಗಳ ಹಿಂದೆ ಡಾಕ್ಟರಮ್ಮ ಹಾಳೆಯ ಮೇಲೆ ಚುಕ್ಕೆ ಹಾಕಿ ತಿಳಿಸಲು ಪರದಾಡಿದ್ದನ್ನು, ಎಸ್ಸೆಸ್ಸೆಲ್ಸಿ ಓದಿದ ಈ ಹೆಣ್ಣುಮಗಳು ಒಂದು ಮಾತಿನಲ್ಲಿ ಮುಗಿಸಿದ್ದಳು. ಅವಳಿಗೆ ಯಾರೂ ಏನೂ ವಿವರಿಸಿರಲಿಲ್ಲ. ನಾನಂತೂ ಇಲ್ಲವೇ ಇಲ್ಲ.

ಅಲ್ಲೇ ನಿಂತು ಎಲ್ಲ ಹೇಳಿದೆ. ಡಾಕ್ಟರಮ್ಮ ಹೇಳಿದ್ದು, ನಾನು ನುಂಗಿದ್ದು, ಎದೆಯ ಸಪ್ಪಳ, ಯಾರ ಮನೆತನದ ತಪ್ಪೂ ಅಲ್ಲ ಎಂಬುದು. ಸಿದ್ರಾಮ ಕೇಳಿದ. ಅವನು ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. “ನೀನು ಓದಿದಾಂವ ಅಂತ ಕೇಳಿದ್ನಲ್ಲ ಅಣ್ಣಾ” ಎಂದಷ್ಟೇ ಅಂದ.

ಸುವರ್ಣಾ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡಳು. “ನಾಳೆ ಹೋಗೂನು” ಎಂದಳು. ಕೇಳಿದ್ದಲ್ಲ. ಹೇಳಿದ್ದು.

ಹೈದರಾಬಾದಿನ ಆಸ್ಪತ್ರೆಯಲ್ಲಿ ಎಕೋ ಆಯಿತು. ಹೃದಯದ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಸಣ್ಣದಲ್ಲ. ಶ್ವಾಸಕೋಶಕ್ಕೆ ಹೆಚ್ಚು ರಕ್ತ ನುಗ್ಗಿ ನುಗ್ಗಿ ಅಲ್ಲಿಯ ಒತ್ತಡ ಏರತೊಡಗಿದೆ. ಅದು ಒಂದು ಮಿತಿ ದಾಟಿದರೆ ಆಮೇಲೆ ತೂತು ಮುಚ್ಚುವುದೇ ಅಪಾಯ.

“ದಾಟಿದೆಯೇ?” ಎಂದು ನಾನು ಕೇಳಿದೆ.

“ಅಂಚಿನಲ್ಲಿದೆ. ಬೇಗ ಮಾಡೋಣ” ಎಂದರು ಅಲ್ಲಿಯ ಡಾಕ್ಟರು.

ಅದೇ ಆಸ್ಪತ್ರೆಯಲ್ಲಿ ಕ್ರೋಮೋಸೋಮಿನ ಪರಿಣತರೊಬ್ಬರು ಪಾರೂನ ತೋಳಿನಿಂದ ಕಡಲೆಬೇಳೆಯಷ್ಟು ಚರ್ಮ ತೆಗೆದು ಪರೀಕ್ಷೆಗೆ ಹಾಕಿದರು. ಅದರ ಉತ್ತರ ಬರುವಷ್ಟರಲ್ಲಿ ಆಪರೇಷನ್ ದಿನವೂ ಬಂತು. ಚರ್ಮದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೋಶಗಳಲ್ಲಿ ನಲವತ್ತೇಳು! ರಕ್ತದಲ್ಲಿ ನೂರಕ್ಕೆ ಎಂಟು. ತೋಳಿನ ಚರ್ಮದಲ್ಲಿ ನೂರಕ್ಕೆ ಐವತ್ತರ ಹತ್ತಿರ. ಅದೇ ಹುಡುಗಿ. ಅದೇ ಮೈ.

“ಹಾಗಾದರೆ ಇದರಲ್ಲಿ ಯಾವುದು ನಿಜ?” ಎಂದು ಅವರನ್ನು ಕೇಳಿದೆ. (ನಾನು ಬುದ್ಧಿ ಕಲಿಯುವವನಲ್ಲ.)

“ಎರಡೂ” ಎಂದರು. ಅವಸರದಲ್ಲಿದ್ದರು. ಹೋದರು.

ಆಪರೇಷನ್ ಬೆಳಿಗ್ಗೆ ಶುರುವಾಯಿತು. ನಾವು ಮೂವರೂ ಹೊರಗೆ ಬೆಂಚಿನ ಮೇಲೆ. ಗೋಡೆಯ ಗಡಿಯಾರ ನೋಡಬಾರದೆಂದು ನಾನು ಬಾಗಿಲು ನೋಡುತ್ತಿದ್ದೆ. ಬಾಗಿಲು ನೋಡಬಾರದೆಂದು ಸಿದ್ರಾಮ ಗಡಿಯಾರ ನೋಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅವನು ಒಮ್ಮೆಲೇ ಕೇಳಿದ:

“ಅಣ್ಣಾ, ಗುಂಡಿಗಿಯಾಗ ಎಷ್ಟು ಪರ್ಸೆಂಟ್ ಇರಬಹುದು?”

“ಗೊತ್ತಿಲ್ಲ ಸಿದ್ರಾಮ.”

“ಅಂದಾಜು?”

“ಗೊತ್ತಿಲ್ಲೋ.”

ಅವನು ತಲೆಯಾಡಿಸಿದ. ಆಶ್ಚರ್ಯವೆಂದರೆ ಆ ಉತ್ತರದಿಂದ ಅವನಿಗೆ ಸಿಟ್ಟು ಬರಲಿಲ್ಲ. ನನ್ನ ಪಕ್ಕಕ್ಕೆ ಸರಿದು ಕೂತ. ಗಂಜಿನಲ್ಲಿ ಅಂದು ಧೈರ್ಯವಾಗಿ ಹೇಳಿದ್ದಕ್ಕಿಂತ ಇವತ್ತು ಗೊತ್ತಿಲ್ಲ ಎಂದದ್ದೇ ಅವನಿಗೆ ಹೆಚ್ಚು ಆಸರೆಯಾಯಿತೇನೋ. ಇದೂ ನನಗೆ ಅರ್ಥವಾಗಿಲ್ಲ.

ಸುವರ್ಣಾ ಪಾರೂನ ಸಣ್ಣ ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು ಮಡಿಸುತ್ತಿದ್ದಳು. ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ. ಸಿದ್ರಾಮ ನೀರು ತರಲು ಎದ್ದುಹೋದಾಗ ನಾನು ಅವಳಿಗೆ ಹೇಳಿದೆ.

“ತಪ್ಪು ನಂದವ್ವಾ. ನನ್ನ ಲೆಕ್ಕದಿಂದ ಎಂಟು ತಿಂಗಳು ಹೋದು.”

ಅವಳು ಸ್ವೆಟರಿನಿಂದ ಕಣ್ಣೆತ್ತಲಿಲ್ಲ.

“ಲೆಕ್ಕ ತಪ್ಪಿದ್ದಿಲ್ಲ ಭಾವಾರ. ನೀವು ಪೂರಾ ಹೇಳಲಿಲ್ಲ. ನನಗಂತೂ ಯಾರೂ ಹೇಳಲೇ ಇಲ್ಲ.”

ಅಷ್ಟರಲ್ಲಿ ಸಿದ್ರಾಮ ನೀರಿನ ಬಾಟಲಿ ಹಿಡಿದು ಬಂದ.

ನಾಲ್ಕು ಗಂಟೆಗೆ ಬಾಗಿಲು ತೆರೆಯಿತು. ತೂತು ಮುಚ್ಚಿದೆ, ಮಗು ಚೆನ್ನಾಗಿದೆ ಎಂದರು ಡಾಕ್ಟರು. ಇನ್ನೊಂದು ವರ್ಷ ಬಿಟ್ಟು ಬಂದಿದ್ದರೆ ಕೈಯಿಡುವುದು ಕಷ್ಟವಿತ್ತು ಎಂದೂ ಸೇರಿಸಿದರು. ಸಿದ್ರಾಮ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಯಾರದೋ ಕೈಗೆ ಕೊಟ್ಟು, ಗೋಡೆಗೆ ಮುಖ ಮಾಡಿ ನಿಂತು ಅತ್ತ. ಸುವರ್ಣಾ ಅಳಲಿಲ್ಲ. ಯಾವಾಗ ಒಳಗೆ ಬಿಡುತ್ತೀರಿ, ಎದ್ದ ಮೇಲೆ ಏನು ಕುಡಿಸಬೇಕು, ಹೊಲಿಗೆ ಯಾವಾಗ ಬಿಚ್ಚುತ್ತೀರಿ ಎಂದು ನನ್ನ ಮೂಲಕ ಅಲ್ಲ, ನೇರವಾಗಿ ಡಾಕ್ಟರರನ್ನೇ ಕೇಳಿದಳು. ತನಗೆ ಬರುವಷ್ಟು ಹಿಂದಿಯಲ್ಲಿ.

ಊರಿಗೆ ಬಂದ ಮೇಲೆ ಅವಳು ಮಾಡಿದ ಮೊದಲ ಕೆಲಸ ಅವ್ವನನ್ನು ಕೂಡಿಸಿಕೊಂಡು ಎಲ್ಲ ತಿಳಿಸಿದ್ದು. ಏನೇನು ಹೇಳಿದಳೋ ನನಗೆ ಗೊತ್ತಿಲ್ಲ. ಖಾನ್ದಾನದ ಮಾತು ಅವತ್ತಿನಿಂದ ನಿಂತಿದೆ. ಅವ್ವ ಈಗ, “ದೇವರು ಪಾರೂನ್ನ ಮಾಡಾಗ ಯಾರೋ ನಡುವ ಮಾತಾಡ್ಸ್ಯಾರ” ಎನ್ನುತ್ತಾಳಂತೆ. ನಾನು ಓದಿದ ಎರಡು ಪುಟಕ್ಕಿಂತ ಇದೇ ಹೆಚ್ಚು ತಿಳಿಯುತ್ತದೆ.

ಪಾರೂ ಮೈ ತುಂಬಿಕೊಂಡಳು. ಕೆಮ್ಮು ಅಪರೂಪವಾಯಿತು. ಓಡುತ್ತಾಳೆ, ಬೀಳುತ್ತಾಳೆ, ಎದ್ದು ಮತ್ತೆ ಓಡುತ್ತಾಳೆ. ಮಾತು ಇನ್ನೂ ನಿಧಾನ. ಥೈರಾಯಿಡಿಗೆ ದಿನಾ ಬೆಳಿಗ್ಗೆ ಒಂದು ಸಣ್ಣ ಗುಳಿಗೆ. ಮೇ ತಿಂಗಳಲ್ಲಿ ಡಾಕ್ಟರಮ್ಮನಿಗೆ ತೋರಿಸಲು ಬಂದಾಗ ಅವರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, “ಈಗ ಸಪ್ಪಳ ಇಲ್ಲ” ಎಂದು ನಕ್ಕರು.

ಸುವರ್ಣಾ ಅವರನ್ನೊಂದು ಪ್ರಶ್ನೆ ಕೇಳಿದಳು. “ಹಿಂಗ ಎರಡು ಥರದ ಕೋಶ ಇರೋದು ಇಕಿಗೊಬ್ಬಾಕಿಗೇನಾ ಮೇಡಂ?”

“ಇಕಿಗಿ ಇರೋ ಥರ ಬಹಳ ಕಮ್ಮಿ ಮಂದಿಗಿ. ಆದ್ರ ಕೋಶ ಹುಟ್ಟಾಗ ಸಣ್ಣ ಸಣ್ಣ ತಪ್ಪು ಎಲ್ಲಾರಿಗೂ ಆಗ್ತಾನೇ ಇರ್ತಾವಮ್ಮ. ಹುಟ್ಟಿದಾಗಿಂದ ಸಾಯೋ ತನಕ. ಬಹಳಷ್ಟು ಏನೂ ಮಾಡಂಗಿಲ್ಲ, ಗೊತ್ತೇ ಆಗಂಗಿಲ್ಲ. ಒಮ್ಮೊಮ್ಮಿ ವಯಸ್ಸಾದ ಮ್ಯಾಲೆ ಒಂದು ತಪ್ಪು ಬೆಳದು ದೊಡ್ಡ ಬ್ಯಾನಿ ಆಗಬಹುದು. ಪೂರಾ ಒಂದೇ ಥರ ಇರೋ ಮನಷ್ಯಾ ಸಿಗೋದು ಕಷ್ಟ.”

ನಾನು ಅದನ್ನು ಕೇಳಿ ಮನೆಗೆ ಹೋಗಿ ಕನ್ನಡಿ ನೋಡಿಕೊಂಡೆ. ಏನು ಕಾಣುತ್ತದೆಂದುಕೊಂಡಿದ್ದೆನೋ. ಸುವರ್ಣಾ ಅದನ್ನು ಕೇಳಿ ತಲೆಯಾಡಿಸಿ ಮನಸ್ಸಿನಲ್ಲಿ ಇಟ್ಟುಕೊಂಡಳು.

ಹೋದ ವಾರ ಶಾಲೆ ಶುರುವಾಯಿತು. ಪಾರೂನ್ನ ಕಮಲಾಪುರದ ಶಾಲೆಗೆ ಹೆಸರು ಹಚ್ಚಬೇಕು, ಮಾಸ್ತರಾದ ನಾನು ಜೊತೆಗಿದ್ದರೆ ಒಳ್ಳೆಯದು ಎಂದು ಸಿದ್ರಾಮ ಕರೆದ. ಹೋದೆ. ಹೆಡ್‌ಮಾಸ್ತರರು ಒಳ್ಳೆಯವರೇ. ಕುರ್ಚಿ ಕೊಟ್ಟರು. ಪಾರೂಗೆ ಹೆಸರು ಕೇಳಿದರು. ಅವಳು ಹೇಳಲು ಸಮಯ ತೆಗೆದುಕೊಂಡಳು. ಅವರ ಪೆನ್ನು ಫಾರ್ಮಿನ ಒಂದು ಸಾಲಿನ ಮೇಲೆ ನಿಂತಿತು.

“ಸರ, ಇಲ್ಲಿ ಎರಡು ಕಾಲಂ ಅದಾವ. ಸಾಮಾನ್ಯ, ಇಲ್ಲಾಂದ್ರ ಬುದ್ಧಿಮಾಂದ್ಯ. ಏನು ಬರೀಲಿ?”

ಅವರು ಕೇಳಿದ್ದು ನನ್ನನ್ನು. ನಾನು ಬಾಯಿ ತೆರೆದೆ. ರಕ್ತದಲ್ಲಿ ಎಂಟು, ಚರ್ಮದಲ್ಲಿ ಅರ್ಧ, ಮೆದುಳು ಗೊತ್ತಿಲ್ಲ. ಇದನ್ನು ಯಾವ ಕಾಲಮ್ಮಿಗೆ ತುಂಬಿಸುವುದು? ಮೊದಲನೆಯದರಲ್ಲಿ ಬರೆದರೆ ಅವಳಿಗೆ ಬೇಕಾದ ಸಹಾಯ ಸಿಗುವುದಿಲ್ಲ. ಎರಡನೆಯದರಲ್ಲಿ ಬರೆದರೆ ಹಿಂದಿನ ಬೆಂಚಿನಲ್ಲಿ ಕೂಡಿಸಿ ಮರೆತುಬಿಡುತ್ತಾರೆ. ಅದೂ ನನಗೆ ಗೊತ್ತು. ನಾನೂ ಮಾಸ್ತರನೇ. ಎಷ್ಟು ಮಕ್ಕಳನ್ನು ಹಾಗೆ ಕೂಡಿಸಿದ್ದೇನೋ.

ಬಾಯಿ ತೆರೆದೇ ಇತ್ತು.

ಸುವರ್ಣಾ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಸರ, ಇಕಿಗಿ ತಿಳೀತದ, ಜರಾ ತಡ ಆಗ್ತದ. ಎರಡು ಸಲ ಹೇಳ್ರಿ, ಮುಂದ ಕುಂದರಿಸ್ರಿ. ಕಾಲಂದಾಗ ಏನು ಬೇಕಾರ ಬರೀರಿ. ಆದ್ರ ಡಾಕ್ಟರು ಹೇಳ್ಯಾರ, ಎಲ್ಲಾರ ಮೈಯಾಗೂ ಒಂದೀಟು ಬ್ಯಾರೆ ಕೋಶ ಇರ್ತಾವಂತ. ಇಕಿವು ಎಣಿಸ್ಯಾರ. ನಿಮ್ಮವು ಯಾರಾರ ಎಣಿಸ್ಯಾರೇನ್ರಿ?”

ಹೆಡ್‌ಮಾಸ್ತರರು ಪೆನ್ನು ಕೆಳಗಿಟ್ಟರು. ನನ್ನ ಕಡೆ ತಿರುಗಿ, “ಹೌದೇನ್ರಿ ಸರ?” ಎಂದರು.

“ಹೌದಂತ್ರಿ” ಎಂದೆ.

ಅವರು ಆ ಸಾಲನ್ನು ಖಾಲಿ ಬಿಟ್ಟು ಕೆಳಗಿನದಕ್ಕೆ ಹೋದರು. ಪಾರೂ ಈಗ ಒಂದನೇ ಇಯತ್ತೆಯಲ್ಲಿ, ಮೊದಲ ಸಾಲಿನಲ್ಲಿ ಕೂರುತ್ತಾಳೆ.

ನನ್ನವನ್ನಂತೂ ಇದುವರೆಗೆ ಯಾರೂ ಎಣಿಸಿಲ್ಲ. ನಿಮ್ಮವನ್ನು?